ಹನ್ನೆರಡು ಅಕ್ಷರದ ಮನೆ

ಹವಾಯಿಗೆ ಹೋಗಿ ಬಂದೆ ಅಂದ ಕೂಡಲೇ ಎಲ್ಲರೂ ಕೇಳೋದು ಎರಡೇ ಪ್ರಶ್ನೆ. ಬೀಚ್ ಹೇಗಿತ್ತು? ಜ್ವಾಲಾಮುಖಿ ನೋಡಿದ್ಯಾ? ಬೀಚ್ ಚೆನ್ನಾಗಿತ್ತು. ಬೆಂಕಿ ಉಗುಳುವ ಜ್ವಾಲಾಮುಖಿ ಇರೋದು ಇನ್ನೊಂದು ದ್ವೀಪದಲ್ಲಿ, ಅಲ್ಲಿಗೆ ಹೋಗೋಕೆ ರಜೆಯೂ ಇರಲಿಲ್ಲ, ದುಡ್ಡೂ ಇರಲಿಲ್ಲ. ಆದರೆ ಬಂದಾಗಿನಿಂದ ತಲೆಯಲ್ಲಿ ಕೂತಿರೋದು ಇವೆರಡೂ ಅಲ್ಲ. ಹೊನೊಲುಲು ಪೇಟೆಯ ನಡುವೆ ಇರುವ ಒಂದು ಬಿಳೀ ಬಣ್ಣದ ಹಳೇ ಮರದ ಮನೆ. ಇನ್ನೂರು ವರ್ಷದ ಹಿಂದೆ ಅಮೆರಿಕದ ಮಿಷನರಿಗಳು ಕಟ್ಟಿಕೊಂಡದ್ದು. ಯಾರಿಗೆ ಹೇಳಲು ಹೋದರೂ "ಹವಾಯಿಗೆ ಹೋಗಿ ಮ್ಯೂಸಿಯಂ ನೋಡಿದ್ಯಾ ಮಾರಾಯ!" ಅಂತ ನಗ್ತಾರೆ. ಅದಕ್ಕೇ ಇಲ್ಲಿ ಬರೀತಿದ್ದೀನಿ. ಕೀಬೋರ್ಡಿನಲ್ಲಿ ಕನ್ನಡ ಕುಟ್ಟುವ ಹುಚ್ಚು ಇರೋರಿಗೆ ಈ ಮನೆಯ ಕಥೆ ರುಚಿಸುತ್ತೆ ಅನ್ನೋ ಧೈರ್ಯ. ಸ್ವಲ್ಪ ಉದ್ದ ಇದೆ, ಕಾಫಿ ಹಿಡ್ಕೊಂಡು ಕೂತ್ಕೊಳ್ಳಿ :)

ಕಥೆ ಶುರುವಾಗೋದು ಒಬ್ಬ ಹುಡುಗನಿಂದ. ಹೆಸರು ಓಪೂಕಹಇಯ. (ಪದದ ನಡುವೆ ಇಡೀ 'ಇ' ಯಾಕೆ ಬಂತು ಅಂತ ಮುಂದೆ ಹೇಳ್ತೀನಿ.) ದ್ವೀಪಗಳ ಒಳಜಗಳದಲ್ಲಿ ಅವನ ಕಣ್ಣೆದುರೇ ಅಪ್ಪ ಅಮ್ಮ ಸತ್ತರು. ಬೆನ್ನಿಗೆ ಕಟ್ಟಿಕೊಂಡು ಓಡಿದ ಪುಟ್ಟ ತಮ್ಮನೂ ಉಳಿಯಲಿಲ್ಲ. ಊರಲ್ಲಿ ಇರಲಾರದೆ 1808ರ ಸುಮಾರಿಗೆ ಒಂದು ಅಮೆರಿಕನ್ ಹಡಗು ಹತ್ತಿ ಹೊರಟುಹೋದ. ಅಮೆರಿಕದಲ್ಲಿ ಇಂಗ್ಲಿಷ್ ಕಲಿತ, ಕ್ರೈಸ್ತನಾದ, ತನ್ನ ಭಾಷೆಗೊಂದು ವ್ಯಾಕರಣ ಬರೆಯೋಕೂ ಕೈ ಹಾಕಿದ. ವಾಪಸ್ ಹೋಗಿ ಊರಿನವರಿಗೆ ಕಲಿಸಬೇಕು ಅನ್ನೋದು ಅವನ ಆಸೆ. ಅದು ನಡೆಯಲಿಲ್ಲ. 1818ರ ಫೆಬ್ರವರಿಯಲ್ಲಿ, ಕನೆಕ್ಟಿಕಟ್‌ನ ಚಳಿಯಲ್ಲಿ, ಟೈಫಸ್ ಜ್ವರದಿಂದ ತೀರಿಕೊಂಡ. ವಯಸ್ಸು ಇಪ್ಪತ್ತಾರರ ಆಸುಪಾಸು, ಅಂದರೆ ಈಗಿನ ನನಗಿಂತ ಚಿಕ್ಕವನು. ಅದೇ ವರ್ಷ ಅವನ ಜೀವನಕಥೆ ಪುಸ್ತಕವಾಗಿ ಬಂತು. ಅದನ್ನು ಓದಿ ಕರಗಿದ ಜನ ದುಡ್ಡು ಕೊಟ್ಟರು, ಯುವಕರು ಹೆಸರು ಕೊಟ್ಟರು. ಬಾಸ್ಟನ್ನಿನ ಮಿಷನ್ ಮಂಡಳಿ ಹವಾಯಿಗೊಂದು ತಂಡ ಕಳಿಸಲು ಹೊರಟಿತು. ನಮ್ಮ ಮುಂಬಯಿಗೆ 1813ರಲ್ಲಿ ಬಂದಿಳಿದ ಮಿಷನರಿಗಳನ್ನು ಕಳಿಸಿದ್ದೂ ಇದೇ ಮಂಡಳಿ.

1819ರ ಅಕ್ಟೋಬರ್ 23ರಂದು 'ಥ್ಯಾಡಿಯಸ್' ಅನ್ನೋ ಹಡಗು ಬಾಸ್ಟನ್ನಿನಿಂದ ಹೊರಟಿತು. ಏಳು ಜೋಡಿ ಗಂಡ ಹೆಂಡಿರು, ಕೆಲವು ಮಕ್ಕಳು, ಜೊತೆಗೆ ಊರಿಗೆ ಮರಳುತ್ತಿದ್ದ ನಾಲ್ವರು ಹವಾಯಿಯ ಹುಡುಗರು. ಮದುವೆಯಾಗದವರನ್ನು ಕಳಿಸಲು ಮಂಡಳಿಗೆ ಮನಸ್ಸಿರಲಿಲ್ಲವಾದ್ದರಿಂದ ಹಲವರದ್ದು ಹಡಗು ಹತ್ತುವ ಕೆಲವೇ ದಿನ, ವಾರಗಳ ಮೊದಲು ಆದ ಮದುವೆ. ತಂಡದ ಮುಂದಾಳು ಹೈರಮ್ ಬಿಂಗ್ಹ್ಯಾಮ್‌ನದ್ದೂ ಹಾಗೇ. ವೀಸಾ ಸ್ಟ್ಯಾಂಪಿಂಗಿಗೆ ಅಂತ ಹದಿನೈದು ದಿನ ರಜೆಯಲ್ಲಿ ಬಂದು ಹುಡುಗಿ ನೋಡಿ ಮದುವೆಯಾಗಿ ಹೋಗುವ ನಮ್ಮ ಎಷ್ಟು ಜನ ಗೆಳೆಯರಿಲ್ಲ! ದಕ್ಷಿಣ ಅಮೆರಿಕದ ತುದಿ ಸುತ್ತಿ, ಐದು ತಿಂಗಳಿಗೂ ಮೀರಿದ ಪ್ರಯಾಣ.

ಇಲ್ಲೊಂದು ವಿಚಿತ್ರ ಇದೆ. ಇವರು ಹೊರಟದ್ದು ವಿಗ್ರಹಗಳನ್ನು ಬಿಡಿಸೋಕೆ. ತಲುಪುವ ಹೊತ್ತಿಗೆ ಆ ಕೆಲಸ ಮುಗಿದಿತ್ತು! ದ್ವೀಪಗಳನ್ನೆಲ್ಲ ಒಂದು ಮಾಡಿದ್ದ ದೊಡ್ಡ ರಾಜ ಕಮೇಹಮೇಹ 1819ರ ಮೇ ತಿಂಗಳಲ್ಲಿ ತೀರಿಕೊಂಡಿದ್ದ. ಅಲ್ಲಿ 'ಕಪು' ಅನ್ನೋ ಮಡಿ ಮೈಲಿಗೆಯ ಕಟ್ಟಳೆ ಇತ್ತು. ಗಂಡಸರು ಹೆಂಗಸರು ಒಟ್ಟಿಗೆ ಕೂತು ಉಣ್ಣೋ ಹಾಗಿಲ್ಲ, ಹೆಂಗಸರು ಬಾಳೆಹಣ್ಣು ತಿನ್ನೋ ಹಾಗಿಲ್ಲ, ಮುರಿದರೆ ಸಾವೇ ಶಿಕ್ಷೆ. ರಾಜನ ವಿಧವೆಯರಾದ ಕಅಹುಮನು ಮತ್ತು ಕೆಓಪೂಒಲನಿ ಸೇರಿ ಎಳೆಯ ರಾಜ ಲಿಹೋಲಿಹೋನನ್ನು ಒಪ್ಪಿಸಿದರು. ಅದೇ ವರ್ಷದ ಕೊನೆಯಲ್ಲಿ ಅವನು ಎಲ್ಲರೆದುರು ಹೆಂಗಸರ ಪಂಕ್ತಿಯಲ್ಲಿ ಕೂತು ಉಂಡ. ಕಪು ಮುರಿಯಿತು, ಗುಡಿಗಳಿಗೆ ಬೆಂಕಿ ಬಿತ್ತು. ಒಂದು ಊಟದಲ್ಲಿ ಒಂದು ಯುಗ ಮುಗಿದುಹೋಯಿತು. ನಡುಗಡಲಿನಲ್ಲಿದ್ದ ಥ್ಯಾಡಿಯಸ್‌ನವರಿಗೆ ಇದರ ಸುಳಿವೂ ಇರಲಿಲ್ಲ. 1820ರ ವಸಂತದಲ್ಲಿ ಅವರು ಬಂದಿಳಿದಾಗ ಹಳೆಯದು ಹೋಗಿತ್ತು, ಹೊಸತು ಏನೆಂದು ಇನ್ನೂ ತೀರ್ಮಾನವಾಗಿರಲಿಲ್ಲ. ರಾಜ ಯೋಚಿಸಿ, ಒಂದು ವರ್ಷದ ಮಟ್ಟಿಗೆ ಇರಿ ಅಂದ. ಅದೂ ಒಂಥರಾ ವೀಸಾನೇ :)

ಮೊದಲು ಅವರಿದ್ದದ್ದು ಹುಲ್ಲಿನ ಮನೆಗಳಲ್ಲಿ. ನಮ್ಮ ಕಡೆ ಮುಳಿಹುಲ್ಲಿನ ಮಾಡು ಇರುತ್ತಿತ್ತಲ್ಲ, ಅಲ್ಲಿ ಮಾಡಷ್ಟೇ ಅಲ್ಲ, ಗೋಡೆಯೂ ಹುಲ್ಲೇ. ಆ ಹವೆಗೆ ಅದಕ್ಕಿಂತ ಒಳ್ಳೇ ಮನೆ ಇಲ್ಲ. ಆದರೆ ಮಿಷನರಿಗಳಿಗೆ 'ಮನೆ' ಅಂದರೆ ನ್ಯೂ ಇಂಗ್ಲೆಂಡಿನ ಮರದ ಮನೆ. ಹಾಗಾಗಿ ಬಾಸ್ಟನ್ನಿನಲ್ಲೇ ಅಳತೆಗೆ ಕೊಯ್ದ ಕಂಬ, ತೊಲೆ, ಹಲಗೆಗಳು ಹಡಗಿನಲ್ಲಿ ಅರ್ಧ ಭೂಮಿ ಸುತ್ತಿ 1820ರ ಕೊನೆಗೆ ಹೊನೊಲುಲು ತಲುಪಿದವು. ಈಗ ನಾವು ಪೆಟ್ಟಿಗೆಯಲ್ಲಿ ಮಂಚ ತರಿಸಿ ಸ್ಕ್ರೂ ಹಾಕಿ ಜೋಡಿಸ್ತೀವಲ್ಲ, ಅದೇ ಲೆಕ್ಕ. 1821ರಲ್ಲಿ ಜೋಡಿಸಿ ನಿಲ್ಲಿಸಿದ ಆ ಮನೆ ಇವತ್ತಿಗೂ ನಿಂತಿದೆ. ಹವಾಯಿಯಲ್ಲಿ ಉಳಿದಿರುವ ಮರದ ಮನೆಗಳಲ್ಲಿ ಅದೇ ಅತಿ ಹಳೆಯದು.

ಒಳಗೆ ಹೋದರೆ ಮೊದಲು ಅನ್ನಿಸೋದು ಸೆಕೆ. ಚಿಕ್ಕ ಕಿಟಕಿ, ತಗ್ಗಿದ ಮಾಡು. ಹಿಮ ಬೀಳುವ ಊರಿಗೆ ಹೇಳಿಸಿದ ಮನೆಯನ್ನು ತೆಂಗು ಬೆಳೆಯುವ ಊರಲ್ಲಿ ಇಟ್ಟರೆ ಇನ್ನೇನಾಗುತ್ತೆ? ಆ ಪುಟ್ಟ ಕೋಣೆಗಳಲ್ಲಿ ಒಂದೇ ಸಲ ಹಲವು ಸಂಸಾರಗಳು ಇರುತ್ತಿದ್ದವು. ಬಾಣಂತಿಯರು, ರೋಗಿಗಳು, ಹೊಸದಾಗಿ ಬಂದ ಮಿಷನರಿಗಳು, ಬಟ್ಟೆ ಹೊಲಿಸಿಕೊಳ್ಳಲು ಬಂದ ಮುಖಂಡರ ಹೆಂಡಿರು. ಕೆಳಗೆ ನೆಲಮಾಳಿಗೆ.

ನಾನು ಹೋದದ್ದು ಅಕ್ಕ, ಭಾವ ಮತ್ತು ಅವರ ಎಂಟು ವರ್ಷದ ಮಗಳ ಜೊತೆ. ಕ್ಯಾಲಿಫೋರ್ನಿಯಾದಲ್ಲೇ ಹುಟ್ಟಿ ಬೆಳೆದ ಹುಡುಗಿ, ನಾವು ಪುಟ್ಟಿ ಅಂತೀವಿ. ಅವಳಿಗೆ ಮನೆ ಹಿಡಿಸಲಿಲ್ಲ, ಹಿಡಿಸಿದ್ದು ಪ್ರೆಸ್ಸು. ಆವರಣದಲ್ಲಿ ಹಳೇ ಕೈಪ್ರೆಸ್ಸಿನ ಒಂದು ಪ್ರತಿಕೃತಿ ಇಟ್ಟಿದ್ದಾರೆ. ಮೊಳೆ ಜೋಡಿಸಿ, ಶಾಯಿ ಸವರಿ, ಹಿಡಿ ಎಳೆದು ತೋರಿಸುತ್ತಾರೆ. ನಿಜವಾದ ಪ್ರೆಸ್ಸು ಬಂದದ್ದು ಥ್ಯಾಡಿಯಸ್‌ನಲ್ಲೇ. ಅದನ್ನು ನಡೆಸಿದವನು ಎಲಿಷಾ ಲೂಮಿಸ್ ಅನ್ನೋ 22 ವರ್ಷದ ಮುದ್ರಕ. 1822ರ ಜನವರಿ 7ರಂದು ಆ ದ್ವೀಪಗಳಲ್ಲಿ ಮೊತ್ತಮೊದಲ ಅಚ್ಚಿನ ಹಾಳೆ ಹೊರಬಂತು. ಹಿಡಿ ಎಳೆದು ಆ ಮೊದಲ ಹಾಳೆ ತೆಗೆದದ್ದು ಲೂಮಿಸ್ ಅಲ್ಲ, ಕೆಎಔಮೋಕು ಅನ್ನೋ ಸ್ಥಳೀಯ ಮುಖಂಡ. ಅದರಲ್ಲಿದ್ದದ್ದು ಬೈಬಲ್ ಅಲ್ಲ, ಅಕ್ಷರಮಾಲೆಯ ಪಾಠ.

ಸರಿ, ಈಗ ನಮ್ಮ ನಿಮ್ಮ ವಿಷಯಕ್ಕೆ ಬಂದೆ. ಅಕ್ಷರ!

ಹವಾಯಿಯರ ಭಾಷೆಗೆ ಅಲ್ಲಿಯವರೆಗೆ ಲಿಪಿ ಇರಲಿಲ್ಲ. ವಂಶಾವಳಿ, ಪ್ರಾರ್ಥನೆ, ಕಥೆ ಎಲ್ಲಾ ಬಾಯಿಪಾಠ. ಮಿಷನರಿಗಳು ರೋಮನ್ ಅಕ್ಷರ ಹಿಡಿದು ಬರೆಯಲು ಕೂತರೆ ತಲೆಕೆಟ್ಟು ಹೋಯಿತು. ಒಬ್ಬ 'ಟಿ' ಅನ್ನುತ್ತಾನೆ, ಇನ್ನೊಬ್ಬ ಅದೇ ಪದಕ್ಕೆ 'ಕೆ' ಅನ್ನುತ್ತಾನೆ. ಒಬ್ಬನಿಗೆ 'ಎಲ್' ಕೇಳಿದ್ದು ಇನ್ನೊಬ್ಬನಿಗೆ 'ಆರ್' ಕೇಳುತ್ತದೆ. ಆ ಕಾಲದ ಕಾಗದಗಳಲ್ಲಿ ಕಮೇಹಮೇಹ ತಮೇಹಮೇಹ ಆಗಿದ್ದಾನೆ, ಹೊನೊಲುಲು ಹೊನೊರುರು ಆಗಿದೆ. ಆಡುವವರಿಗೆ ಅದರಲ್ಲಿ ವ್ಯತ್ಯಾಸವೇ ಇಲ್ಲ, ಎರಡೂ ಒಂದೇ. ಕೊನೆಗೆ 1826ರಲ್ಲಿ ಮಿಷನರಿಗಳು ಅಕ್ಷರಗಳ ಮೇಲೆ ಮತ ಹಾಕಿದರು! ಬಿ ಮತ್ತು ಪಿ ನಡುವೆ ಪಿ ಗೆದ್ದಿತು. ಟಿ ಸೋತಿತು, ಕೆ ಗೆದ್ದಿತು. ಡಿ, ಆರ್, ಎಲ್ ಮೂವರಲ್ಲಿ ಎಲ್. ವಿ ಮತ್ತು ಡಬ್ಲ್ಯೂ ನಡುವೆ ಡಬ್ಲ್ಯೂ. ಉಳಿದದ್ದು ಐದು ಸ್ವರ, ಏಳು ವ್ಯಂಜನ. ಒಟ್ಟು ಹನ್ನೆರಡು ಅಕ್ಷರ. ಬೈಬಲಿನ ಪರದೇಶಿ ಹೆಸರುಗಳಿಗೆ ಮಾತ್ರ ಬೇರೆ ಅಕ್ಷರ.

ಮಹಾಪ್ರಾಣ ಬೇಕೋ ಬೇಡವೋ, ಷ ಇರಲೋ ಹೋಗಲೋ ಅಂತ ಶಂಕರ ಭಟ್ಟರ ಹೊಸಬರಹದ ಮೇಲೆ ನಾವು ಎಷ್ಟು ರಾತ್ರಿ ಕಿತ್ತಾಡಿಲ್ಲ? ಅದಾದರೂ ನಮ್ಮನಮ್ಮಲ್ಲೇ. ಇಲ್ಲಿ ಕೈ ಎತ್ತಿದವರಲ್ಲಿ ಆ ಭಾಷೆಯನ್ನು ತಾಯಿಯಿಂದ ಕಲಿತವರು ಒಬ್ಬರೂ ಇಲ್ಲ. ಕಿವಿ ಅವರದ್ದಲ್ಲ, ಪೆನ್ನು ಮಾತ್ರ ಅವರದ್ದು.

ಹಾಗಂತ ಅವರು ಮಾಡಿದ್ದು ದಡ್ಡ ಕೆಲಸ ಅಂತ ತಿಳೀಬೇಡಿ. ಎಂಜಿನಿಯರಿನ ಕಣ್ಣಿಂದ ನೋಡಿದರೆ ಬಹಳ ಚೊಕ್ಕ. ಒಂದು ದನಿಗೆ ಒಂದೇ ಅಕ್ಷರ, ಸ್ಪೆಲ್ಲಿಂಗ್ ಬಾಯಿಪಾಠದ ಗೋಜಿಲ್ಲ, ಕೆಲವೇ ವಾರದಲ್ಲಿ ದೊಡ್ಡವರೂ ಓದೋದು ಕಲಿಯಬಹುದು. ಕಲಿತರು ಕೂಡ. ಆದರೆ ಆ ಹನ್ನೆರಡರಲ್ಲಿ ಎರಡು ಸಂಗತಿ ಬಿಟ್ಟುಹೋದವು. ಒಂದು ದೀರ್ಘ. ಇನ್ನೊಂದು 'ಓಕಿನ', ಅಂದರೆ ಎರಡು ಸ್ವರಗಳ ನಡುವೆ ಗಂಟಲಲ್ಲಿ ಒಂದು ಕ್ಷಣ ಉಸಿರು ತಡೆದು ಬಿಡುವ ದನಿ. ನಾನು ಮೇಲೆ ಹೆಸರುಗಳ ನಡುವೆ ಇಡೀ ಸ್ವರ ಬರೆದದ್ದು ಅದಕ್ಕೇ. ನಾವು 'ಹವಾಯಿ' ಅಂತೀವಿ, ಅವರು ಹೇಳೋದು 'ಹವೈ' ಅಂದು, ತಡೆದು, 'ಇ'. ಮಿಷನರಿಗಳಿಗೆ ಈ ತಡೆ ಕೇಳಿಸಿರಲಿಲ್ಲ ಅಂತಲ್ಲ, ಕೆಲವೆಡೆ ಒಂದು ಅಪಾಸ್ಟ್ರಫಿ ಹಾಕುತ್ತಿದ್ದರು. ಅಕ್ಷರ ಅಂತ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಅದರಿಂದ ಏನಾಗುತ್ತೆ? 'ಪಉ' ಅನ್ನೋ ಮೂರಕ್ಷರದ ಪದವನ್ನೇ ನೋಡಿ. ತಡೆಯಿಲ್ಲದೆ ಹೇಳಿದರೆ 'ಮುಗಿಯಿತು'. ತಡೆದು ಹೇಳಿದರೆ 'ಮಸಿ'. ಎರಡೂ ಸ್ವರ ಎಳೆದು ತಡೆದು ಹೇಳಿದರೆ 'ಲಂಗ'. ಹಳೇ ಬರಹದಲ್ಲಿ ಮೂರೂ ಒಂದೇ. ಇನ್ನೂ ಒಂದು: 'ಕೊ', 'ಉ' ಎರಡನ್ನೂ ಜಾರಿಸಿ ಒಟ್ಟಿಗೆ ಹೇಳಿದರೆ 'ನಿನ್ನ'. ನಡುವೆ ತಡೆದರೆ 'ನನ್ನ'. ಗಮನಿಸಿ, ನನ್ನ ಮತ್ತು ನಿನ್ನ!

ಇದನ್ನು ಕೇಳಿದಾಗ ನನಗೆ ಸೆಕೆಯಲ್ಲೂ ಮೈ ಜುಮ್ಮೆಂದಿತು. ಯಾಕಂದರೆ ನನ್ನ ಮನೆಮಾತು ತುಳು. ಪುತ್ತೂರಿನ ಹತ್ತಿರದ ಊರು ನಮ್ಮದು, ಆಡೋದು ತುಳು, ಬರೆಯೋದು ಕನ್ನಡ. ತುಳುವಿನಲ್ಲಿ 'ಯಾನ್ ಪೋಯೆ' ಅಂದರೆ ನಾನು ಹೋದೆ, 'ಆಯೆ ಪೋಯೆ' ಅಂದರೆ ಅವನು ಹೋದ. ಬರೆದಾಗ ಎರಡೂ 'ಪೋಯೆ'. ಆದರೆ ಬಾಯಲ್ಲಿ ಎರಡೂ ಬೇರೆ. ನಾನು ಹೋದದ್ದಕ್ಕೆ ಬಾಯಿ ಸ್ವಲ್ಪ ಅಗಲವಾಗುತ್ತೆ, ಅವನು ಹೋದದ್ದಕ್ಕೆ ಮುಚ್ಚುತ್ತೆ. ಆ ಅಗಲದ 'ಎ'ಗೆ ಕನ್ನಡದಲ್ಲಿ ಅಕ್ಷರ ಇಲ್ಲ. ತುಳುವನ್ನು ಕನ್ನಡ ಲಿಪಿಯಲ್ಲಿ ಅಚ್ಚು ಹಾಕುವ ರೂಢಿ ಗಟ್ಟಿಯಾದದ್ದು ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಿಂದ. ಪ್ರೆಸ್ಸು ಶುರುವಾದದ್ದು 1841ರಲ್ಲಿ, ತುಳು ಹೊಸ ಒಡಂಬಡಿಕೆ ಬಂದದ್ದು 1847ರಲ್ಲಿ, ಮ್ಯಾನರ್‌ನ ತುಳು ನಿಘಂಟು 1886ರಲ್ಲಿ. ತುಳುವಿಗೂ ಹಳೆಯದೊಂದು ಲಿಪಿ ಇತ್ತು. ಆದರೆ ಅದರಲ್ಲಿ ಹೆಚ್ಚಾಗಿ ಬರೆಯುತ್ತಿದ್ದದ್ದು ಸಂಸ್ಕೃತ. ಹಾಗಾಗಿ ಹವಾಯಿಯ ಕಥೆಯೂ ನಮ್ಮದೂ ಒಂದೇ ಅಂತ ನಾನು ಹೇಳೋಲ್ಲ, ಕನ್ನಡಕ್ಕಂತೂ ಮಿಷನರಿಗಳು ಬರುವ ಹೊತ್ತಿಗೆ ಸಾವಿರ ವರ್ಷಕ್ಕೂ ಮೀರಿದ ಬರಹ ಇತ್ತು. ಆದರೂ ನಾನು-ಅವನು, ನನ್ನ-ನಿನ್ನ ಇವೇ ಎರಡು ಕಡೆಯೂ ಬರಹದ ಸಂದಿಯಲ್ಲಿ ಬಿದ್ದುಹೋದದ್ದು ನೋಡಿ ಏನನ್ನಬೇಕು ತೋಚಲಿಲ್ಲ.

ಇಷ್ಟಾಗಿಯೂ ಯಾರಿಗೂ ತೊಂದರೆ ಆಗಲಿಲ್ಲ. ಯಾಕೆಂದರೆ ಓದುವವನಿಗೆ ಭಾಷೆ ಗೊತ್ತಿತ್ತು. ಕಣ್ಣು ಅಕ್ಷರ ನೋಡಿದರೆ ಉಳಿದದ್ದನ್ನು ನಾಲಿಗೆ ತುಂಬಿಕೊಳ್ಳುತ್ತಿತ್ತು. ನನಗೂ ತುಳು ಓದುವಾಗ ಎಲ್ಲಿ ಯಾವ 'ಎ' ಅಂತ ಯಾರೂ ಹೇಳಿಕೊಡಬೇಕಿಲ್ಲ.

ಜನ ಓದಿಗೆ ಮುಗಿಬಿದ್ದರು. ಮೊದಮೊದಲು ಮುಖಂಡರು ತಾವು ಕಲಿಯೋವರೆಗೆ ಉಳಿದವರಿಗೆ ಬೇಡ ಅಂದಿದ್ದರಂತೆ. ದೊಡ್ಡ ರಾಣಿ ಕಅಹುಮನುವಿನ ಕೈಗೆ ಅಕ್ಷರದ ಪುಸ್ತಕ ಕೊಡಲು ಹೋದಾಗ ಅವಳು ಇಸ್ಪೀಟು ಆಡುತ್ತಿದ್ದಳು, ಆಟ ಮುಗಿಸಿಯೇ ಇತ್ತ ತಿರುಗಿದಳು ಅಂತ ಬಿಂಗ್ಹ್ಯಾಮ್ ಬರೆದಿದ್ದಾನೆ. ಅವಳು 1825ರಲ್ಲಿ ದೀಕ್ಷಾಸ್ನಾನ ಪಡೆದಳು. ಆಮೇಲೆ ಊರೂರಲ್ಲಿ ಶಾಲೆ. ಕಲಿಸಿದವರು ಮಿಷನರಿಗಳಲ್ಲ, ನಿನ್ನೆ ಕಲಿತ ಹವಾಯಿಯರು. ಅದೇ ಮಿಷನ್ನಿನ ಮಾತು ಕೇಳಿ ಅವಳು 1830ರಲ್ಲಿ ಊರೆದುರು ಹೂಲಾ ಕುಣಿಯುವುದನ್ನು ನಿಷೇಧಿಸಿದಳು ಅನ್ನೋದನ್ನೂ ಇಲ್ಲಿ ಹೇಳಬೇಕು. ಬಂದರಿನ ಹೆಣ್ಣುಮಕ್ಕಳು ಹಡಗಿಗೆ ಹೋಗಬಾರದು ಅಂತ ಕಟ್ಟು ಮಾಡಿದಾಗ ರೊಚ್ಚಿಗೆದ್ದ ನಾವಿಕರು 1826ರಲ್ಲಿ ಬಿಂಗ್ಹ್ಯಾಮ್‌ನ ಮೇಲೇ ಏರಿ ಬಂದಿದ್ದರು. ಇದೇ ಮಿಷನ್ನು ಒಂದು ಕಡೆ ಹೆಣ್ಣುಮಕ್ಕಳಿಗೆ ಕಾವಲು ನಿಂತಿತು, ಇನ್ನೊಂದು ಕಡೆ ಅವರ ಕುಣಿತ ನಿಲ್ಲಿಸಿತು. ಒಂದೇ ಬಣ್ಣ ಬಳಿಯೋಕೆ ಆಗೋದಿಲ್ಲ.

1834ರಲ್ಲಿ ಹವಾಯಿ ಭಾಷೆಯ ಮೊದಲ ಪತ್ರಿಕೆ. 1839ರಲ್ಲಿ ಇಡೀ ಬೈಬಲ್. 1861ರಲ್ಲಿ ಹವಾಯಿಯರೇ ನಡೆಸಿದ ಪತ್ರಿಕೆ 'ಕ ಹೋಕೂ ಓ ಕ ಪಕೀಪಿಕ'. ಮುಂದೆ ರಾಜನಾದ ಕಲಾಕಉವ ಅದರ ಹಿಂದಿದ್ದವರಲ್ಲಿ ಒಬ್ಬ. ಮಿಷನರಿಗಳು ಯಾವುದನ್ನು ಅಂಧಕಾರ ಅಂದಿದ್ದರೋ ಆ ಹಳೇ ಕಥೆ, ಹಾಡುಗಳೆಲ್ಲ ಅದರಲ್ಲಿ ಧಾರಾವಾಹಿಯಾಗಿ ಬಂದವು. ಪಾದ್ರಿಗಳಿಗೆ ಉರಿದುಹೋಯಿತು. ನೂರಕ್ಕೂ ಹೆಚ್ಚು ಪತ್ರಿಕೆಗಳು, ಎಲ್ಲಾ ಸೇರಿ ಸುಮಾರು 1,25,000 ಪುಟ ಅಂತ ಲೆಕ್ಕ. ಒಂದೂಕಾಲು ಲಕ್ಷ ಪುಟ! ಅದೂ ಎಂಥ ಕಾಲದಲ್ಲಿ? ಹೊರಗಿನಿಂದ ಬಂದ ರೋಗಗಳಿಗೆ ಜನ ಹುಳುಗಳಂತೆ ಸಾಯುತ್ತಿದ್ದ ಕಾಲದಲ್ಲಿ. 1832ರ ಎಣಿಕೆಯಲ್ಲಿ ಸುಮಾರು 1,30,000 ಇದ್ದ ಜನಸಂಖ್ಯೆ 1853ಕ್ಕೆ ಸುಮಾರು 73,000. ಹೇಳುವ ಬಾಯಿಗಳು ಕಮ್ಮಿಯಾಗುತ್ತಿರೋದು ಕಂಡು ಜನ ಗಡಿಬಿಡಿಯಲ್ಲಿ ಬರೆದಿಟ್ಟರೋ ಏನೋ.

ಮರದ ಮನೆಯ ಪಕ್ಕದಲ್ಲೇ ಇನ್ನೊಂದು ಮನೆ ಇದೆ. 1831ರದ್ದು, ಕಡಲಿನ ಹವಳದ ದಿಬ್ಬದಿಂದ ಕಲ್ಲು ಕಡಿದು ಕಟ್ಟಿದ್ದು, ಲೀವೈ ಚೇಂಬರ್ಲಿನ್ ಅನ್ನೋ ಮಿಷನ್ನಿನ ಲೆಕ್ಕಾಧಿಕಾರಿಯ ಮನೆ ಮತ್ತು ಉಗ್ರಾಣ. ಮಿಷನರಿಗಳಿಗೆ ಆಗ ಸಂಬಳ ಇರಲಿಲ್ಲ. ಹಿಟ್ಟು, ಬಟ್ಟೆ, ಮೊಳೆ, ಎಲ್ಲಾ ಬಾಸ್ಟನ್ನಿನಿಂದ ಬರೋದು, ಇಲ್ಲಿಂದ ಅಳೆದು ಹಂಚೋದು, ಪುಸ್ತಕದಲ್ಲಿ ಬರೆಯೋದು. ಕಥೆ ಹೊರಳೋದು ಈ ಮನೆಯ ಹತ್ತಿರ ಅಂತ ನನಗನ್ನಿಸುತ್ತೆ. ಉಗ್ರಾಣ ನೋಡಿಕೊಳ್ಳುತ್ತಿದ್ದ ಕಾಸಲ್ ಮತ್ತು ಕುಕ್ 1851ರಲ್ಲಿ ಸ್ವಂತ ಅಂಗಡಿ ಇಟ್ಟರು. ಆ 'ಕಾಸಲ್ ಅಂಡ್ ಕುಕ್' ಮುಂದೆ ಹವಾಯಿಯ ಸಕ್ಕರೆ ವ್ಯಾಪಾರವನ್ನು ಆಳಿದ ಐದು ದೊಡ್ಡ ಕಂಪನಿಗಳಲ್ಲಿ ಒಂದಾಯಿತು. ಅತ್ತ 1848ರಲ್ಲಿ 'ಮಾಹೆಲೆ' ಅನ್ನೋ ನೆಲದ ಹಂಚಿಕೆ ನಡೆದು ಭೂಮಿ ಮೊದಲ ಸಲ ಖಾಸಗಿ ಆಸ್ತಿಯಾಯಿತು. 1850ರಲ್ಲಿ ಪರದೇಶಿಯರೂ ಕೊಳ್ಳಬಹುದು ಅಂತ ಕಾನೂನು ಬಂತು. ಉಳುವ ಜನಸಾಮಾನ್ಯರಿಗೆ ಕೊನೆಗೆ ಸಿಕ್ಕಿದ್ದು ನೂರಕ್ಕೆ ಒಂದು ಪಾಲಿಗಿಂತ ಕಡಿಮೆ. "ಒಳ್ಳೇದು ಮಾಡೋಕೆ ಬಂದ್ರು, ಒಳ್ಳೇದು ಮಾಡ್ಕೊಂಡ್ರು" ಅನ್ನೋ ಅರ್ಥದ ಒಂದು ಕುಹಕದ ಮಾತು ಅಲ್ಲಿ ಈಗಲೂ ಚಾಲ್ತಿಯಲ್ಲಿದೆ.

ಥ್ಯಾಡಿಯಸ್‌ನಲ್ಲಿ ಬಂದ ಏಸಾ ಥರ್ಸ್ಟನ್‌ನ ಮೊಮ್ಮಗ ಲಾರಿನ್ ಥರ್ಸ್ಟನ್. ಆಮೇಲೆ ಬಂದ ಮಿಷನರಿ ಡೇನಿಯಲ್ ಡೋಲ್‌ನ ಮಗ ಸ್ಯಾನ್‌ಫರ್ಡ್ ಡೋಲ್. 1893ರ ಜನವರಿ 17ರಂದು ರಾಣಿ ಲಿಲಿಉಓಕಲನಿಯನ್ನು ಗದ್ದುಗೆಯಿಂದ ಇಳಿಸಿದ ಗುಂಪಿನ ಮುಂದಾಳು ಮೊದಲನೆಯವನು. ಆಮೇಲೆ ಹುಟ್ಟಿದ ಗಣರಾಜ್ಯಕ್ಕೆ ಅಧ್ಯಕ್ಷ ಎರಡನೆಯವನು. ಬೆಂಬಲಕ್ಕೆ ಸೈನಿಕರನ್ನು ಇಳಿಸಿದ ಅಮೆರಿಕದ ಯುದ್ಧನೌಕೆಯ ಹೆಸರು ಏನು ಗೊತ್ತೇ? 'ಬಾಸ್ಟನ್'. ನಾನು ಕಥೆ ಕಟ್ಟಿ ಹೇಳ್ತಿಲ್ಲ. ರಾಣಿಯ ಅರಮನೆ ಈ ಮರದ ಮನೆಯಿಂದ ನಡೆದು ಹೋಗುವಷ್ಟೇ ದೂರ.

1896ರಲ್ಲಿ ಆ ಗಣರಾಜ್ಯ ಒಂದು ಕಾನೂನು ಮಾಡಿತು. ಶಾಲೆಗಳಲ್ಲಿ ಪಾಠ ಇಂಗ್ಲಿಷಿನಲ್ಲೇ ಆಗಬೇಕು. ಅಜ್ಜಂದಿರು ಅಕ್ಷರ ಕೊಟ್ಟರು, ಮಕ್ಕಳು ಮೊಮ್ಮಕ್ಕಳು ಶಾಲೆಯ ಬಾಗಿಲು ಹಾಕಿದರು. 1897ರಲ್ಲಿ ಅಮೆರಿಕಕ್ಕೆ ನಮ್ಮನ್ನು ಸೇರಿಸಬೇಡಿ ಅಂತ ಹವಾಯಿಯರು ಬರೆದ ಮನವಿಗೆ 21,000ಕ್ಕೂ ಹೆಚ್ಚು ಜನ ಸಹಿ ಹಾಕಿದರು. ಹೆಂಗಸರದ್ದೇ ಬೇರೆ ಹಾಳೆಗಳು. ವಾಷಿಂಗ್ಟನ್ನಿನ ಪತ್ರಾಗಾರದಲ್ಲಿ ಮಲಗಿದ್ದ ಆ ಕಟ್ಟನ್ನು ಸಂಶೋಧಕಿ ನೋಎನೋಎ ಸಿಲ್ವ 1996ರಲ್ಲಿ ಮತ್ತೆ ಬೆಳಕಿಗೆ ತಂದರು. ಅದರ ನಕಲನ್ನು ನಾನು ನೋಡಿದೆ. ಸಾಲುಸಾಲು ಹೆಸರು, ಅದೇ ಹನ್ನೆರಡು ಅಕ್ಷರಗಳಲ್ಲಿ. ಆ ಬಾರಿ ಒಪ್ಪಂದ ಬಿದ್ದುಹೋಯಿತು. ಆದರೆ 1898ರಲ್ಲಿ ಬೇರೆ ದಾರಿಯಿಂದ ಸೇರಿಸಿಕೊಂಡೇಬಿಟ್ಟರು. ಅಮೆರಿಕದ ಸಂಸತ್ತು ಕ್ಷಮೆ ಕೇಳಿದ್ದು 1993ರಲ್ಲಿ. ಆ ಮಿಷನ್ನಿನ ವಾರಸುದಾರ ಚರ್ಚೂ ಅದೇ ವರ್ಷ ಕೇಳಿತು. ಓಪೂಕಹಇಯನ ಅಸ್ಥಿಯೂ ಅದೇ 1993ರಲ್ಲಿ ಊರಿಗೆ ಬಂತು, 175 ವರ್ಷ ತಡವಾಗಿ.

ನಮಗೆ ಮನೆ ತೋರಿಸಿದ ಗೈಡ್ ಅರವತ್ತು ದಾಟಿದ ಹವಾಯಿಯ ಹೆಂಗಸು. ಅಲ್ಲೂ ದೊಡ್ಡವರನ್ನೆಲ್ಲ ಆಂಟಿ, ಅಂಕಲ್ ಅಂತಲೇ ಕರೆಯೋದು, ನಮ್ಮ ಹಾಗೇ. ಆಂಟಿಯ ಅಜ್ಜಿಗೆ ಶಾಲೆಯಲ್ಲಿ ಮನೆಮಾತು ಆಡಿದ್ದಕ್ಕೆ ಕೈಗೆ ಏಟು ಬೀಳುತ್ತಿತ್ತಂತೆ. ಹಾಗಾಗಿ ತನ್ನ ಮಕ್ಕಳಿಗೆ ಕಲಿಸಲೇ ಇಲ್ಲ. ಆಂಟಿ ಕಲಿತದ್ದು ನಲವತ್ತರ ನಂತರ, ಸಂಜೆ ಕ್ಲಾಸಿಗೆ ಹೋಗಿ. ಮನೆಯಲ್ಲಿ ಒಂದು ಹಳೇ ಕಾಗದ ಇದೆಯಂತೆ, ಅಜ್ಜಿಯ ಅಮ್ಮ ತನ್ನ ತಂಗಿಗೆ ಬರೆದದ್ದು, ಒಂದು ತುಂಡು ಗದ್ದೆಯ ವಿಷಯ. ಅದರಲ್ಲಿ ಒಂದು ಕಡೆ 'ನೆಲ' ಅನ್ನೋ ಪದದ ಹಿಂದೆ 'ಕೊಉ' ಅಂತ ಇದೆ. ತಡೆಯ ಗುರುತಿಲ್ಲ.

"ನನ್ನ ನೆಲ ಅಂತಲೋ, ನಿನ್ನ ನೆಲ ಅಂತಲೋ ಗೊತ್ತಾಗಲ್ಲ. ಬಲ್ಲವರಿಗೆ ತೋರಿಸಿದೆ, ಎರಡೂ ಆಗಬಹುದು ಅಂದರು. ಅಜ್ಜಿ ಇದ್ದಾಗ ಆ ಕಾಗದವನ್ನು ಜೋರಾಗಿ ಓದಿ ಹೇಳು ಅಂತ ಕೇಳಬಹುದಿತ್ತು. ಆಗ ನನಗೆ ಅದು ಕಾಗದ ಅಂತ ಮಾತ್ರ ಗೊತ್ತಿತ್ತು" ಅಂದರು. ಹೇಳಿ ನಕ್ಕರು. ಅಕ್ಕ ನನ್ನ ಮುಖ ನೋಡಿದಳು. ನಾವಿಬ್ಬರೂ ನಗಲಿಲ್ಲ.

1980ರ ದಶಕದ ಆರಂಭದಲ್ಲಿ ನಿಈಹೌ ಅನ್ನೋ ಪುಟ್ಟ ದ್ವೀಪ ಬಿಟ್ಟರೆ ಹವಾಯಿ ಮಾತಾಡುವ ಮಕ್ಕಳು ಐವತ್ತೂ ಇರಲಿಲ್ಲವಂತೆ. ಅಲ್ಲಿಂದ ವಾಪಸ್ ಬಂದ ಕಥೆ ಇನ್ನೂ ದೊಡ್ಡದು, ಚಿಕ್ಕದಾಗಿ ಹೇಳ್ತೀನಿ. 1978ರಲ್ಲಿ ರಾಜ್ಯದ ಸಂವಿಧಾನ ಹವಾಯಿಯನ್ನು ಅಧಿಕೃತ ಭಾಷೆ ಮಾಡಿತು. 1984ರಲ್ಲಿ ಕೆಲವು ಅಪ್ಪ ಅಮ್ಮಂದಿರು, ಮೇಷ್ಟ್ರುಗಳು ಸೇರಿ ಹವಾಯಿಯಲ್ಲೇ ಮಾತಾಡುವ 'ಪೂನನ ಲೇಒ' ಶಿಶುವಿಹಾರ ತೆರೆದರು. ಹೆಸರಿನ ಅರ್ಥ 'ದನಿಯ ಗೂಡು'. ಎಷ್ಟು ಚೆಂದ ಅಲ್ವಾ? 1986ರಲ್ಲಿ ಹಳೇ ಕಾನೂನು ಬದಲಾಯಿತು, 1987ರಲ್ಲಿ ಸರ್ಕಾರಿ ಶಾಲೆಗಳಲ್ಲೂ ಹವಾಯಿ ಮಾಧ್ಯಮದ ತರಗತಿ ಬಂತು. ರಾಜ್ಯ ಸರ್ಕಾರ 2016ರಲ್ಲಿ ಪ್ರಕಟಿಸಿದ ವರದಿಯಲ್ಲಿ ಮನೆಯಲ್ಲಿ ಹವಾಯಿ ಆಡುವವರು 18,000ಕ್ಕೂ ಹೆಚ್ಚು.

ಕಂಪ್ಯೂಟರಿಗೆ ಬಂದಾಗ ಅವರಿಗೂ ನಮ್ಮದೇ ಗೋಳು! ಓಕಿನ ಮತ್ತು ದೀರ್ಘದ ಗೆರೆ ಕೀಬೋರ್ಡಿನಲ್ಲಿ ಇಲ್ಲ. 1990ರ ದಶಕದಲ್ಲಿ ಅವರೂ ಫಾಂಟ್ ಹ್ಯಾಕ್ ಮಾಡಿಕೊಂಡರು. ತಲೆ ಮೇಲೆ ಎರಡು ಚುಕ್ಕಿ ಇರುವ 'ವೈ' ಅಕ್ಷರದ ಜಾಗದಲ್ಲಿ ಓಕಿನ ಕೂರಿಸಿದರು. ಆ ಫಾಂಟ್ ಇಲ್ಲದವರಿಗೆ ಹವಾಯಿಯ ಹೆಸರಿನ ನಡುವೆ ಚುಕ್ಕಿ ವೈ ಕಾಣಿಸುತ್ತಿತ್ತು. ಬರಹ, ನುಡಿಯಲ್ಲಿ ಟೈಪಿಸಿದ್ದು ಇನ್ನೊಬ್ಬರ ಕಂಪ್ಯೂಟರಿನಲ್ಲಿ ಚಿತ್ರಾನ್ನವಾಗಿ ಕಾಣುತ್ತಿದ್ದ ದಿನ ನೆನಪಿರೋರಿಗೆ ವಿವರಿಸಬೇಕಿಲ್ಲ. ಯುನಿಕೋಡ್ ಬಂದ ಮೇಲೆ ಓಕಿನಕ್ಕೆ ತನ್ನದೇ ಜಾಗ ಸಿಕ್ಕಿತು. 1826ರ ಮತದಾನದಲ್ಲಿ ಲೆಕ್ಕಕ್ಕೇ ಇಲ್ಲದಿದ್ದದ್ದು ಈಗ ಹದಿಮೂರನೆಯ ಅಕ್ಷರ.

2011ರ ನವೆಂಬರಿನಲ್ಲಿ ಇನ್ನೊಂದು ಕೆಲಸ ಶುರುವಾಯಿತು. ಆ ಹಳೇ ಪತ್ರಿಕೆಗಳ ಪುಟಗಳನ್ನು ಯಂತ್ರ ಸರಿಯಾಗಿ ಓದುತ್ತಿರಲಿಲ್ಲ. ಹಾಗಾಗಿ ಜನರನ್ನೇ ಕರೆದರು. ಸಾವಿರಾರು ಜನ ಮನೆಯಲ್ಲಿ ಕೂತು ಬಿಟ್ಟಿಯಾಗಿ, ಒಂದೊಂದೇ ಪುಟ ನೋಡಿ ಟೈಪ್ ಮಾಡಿದರು. ಆಂಟಿಯೂ ಮಾಡಿದ್ದಾರಂತೆ. ಅರ್ಥವಾಗದಿದ್ದರೂ ಅಕ್ಷರ ನೋಡಿ ಕುಟ್ಟಿದೆ, ಕುಟ್ಟುತ್ತಾ ಅರ್ಥವಾಯಿತು ಅಂದರು.

ಇಷ್ಟೆಲ್ಲ ಕೇಳಿ ನನ್ನ ತಲೆಯಲ್ಲಿ ಉಳಿದದ್ದು ಇಷ್ಟು. ಬರಹ ಭಾಷೆಯನ್ನು ಉಳಿಸುತ್ತೆ ಅಂತ ನಾವು ಹೇಳ್ತಾ ಇರ್ತೀವಿ. ಹವಾಯಿಯಲ್ಲಿ ಒಂದೂಕಾಲು ಲಕ್ಷ ಪುಟ ಬರಹ ಇತ್ತು, ಆದರೂ ಭಾಷೆ ಹೋಗುವುದರಲ್ಲಿತ್ತು. ಮಕ್ಕಳ ಬಾಯಿ ಮುಚ್ಚಿಸಿದರೆ ಪುಟ ಎಷ್ಟಿದ್ದರೂ ಸಾಲದು. ಆದರೆ ಮತ್ತೆ ಮಾತಾಡಬೇಕು ಅಂತ ಹಟ ಹಿಡಿದು ಕೂತಾಗ ಹುಡುಕಿಕೊಂಡು ಹೋಗಲು ಒಂದು ಜಾಗ ಅಂತ ಇದ್ದದ್ದು ಆ ಪುಟಗಳೇ. ಬಾಯಿಗೆ ಪುಟ ಬೇಕು, ಪುಟಕ್ಕೆ ಬಾಯಿ ಬೇಕು. ಒಂದೇ ಇದ್ದರೆ 'ಕೊಉ' ಯಾರದ್ದು ಅಂತ ಗೊತ್ತಾಗೋಲ್ಲ.

ತುಳು-ತಿಗಳಾರಿ ಲಿಪಿ 2024ರ ಸೆಪ್ಟೆಂಬರಿನಲ್ಲಿ ಯುನಿಕೋಡಿಗೆ ಸೇರಿತು. ಖುಷಿಯಾಯಿತು, ನಿಜ. ಆದರೆ ನಮ್ಮ ಪುಟ್ಟಿ ತುಳು ಕಲಿಯುತ್ತಿರೋದು ಒಂದು ನೋಟ್‌ಬುಕ್ಕಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡು. ಭಾನುವಾರ ಅಜ್ಜಿಗೆ ವಿಡಿಯೋ ಕಾಲ್ ಮಾಡಿ "ಯಾನ್ ಶಾಲೆಗ್ ಪೋಯೆ" ಅಂತ ಓದುತ್ತಾಳೆ. ಬಾಯಿ ಮುಚ್ಚಿದ 'ಎ'. ಅಜ್ಜಿ "ಏರ್ ಪೋಯಿನಿ ಮಗಾ?" ಅಂತ, ಅಂದರೆ ಯಾರು ಹೋದದ್ದು ಅಂತ ಕೇಳಿ ನಗುತ್ತಾರೆ. ಪುಟ್ಟಿ ಇನ್ನೊಂದು ಸಲ ಹೇಳುತ್ತಾಳೆ. ಅಜ್ಜಿ ಬಾಯಿ ಅಗಲ ಮಾಡಿ ತೋರಿಸುತ್ತಾರೆ, ಇವಳು ಸ್ಕ್ರೀನಿಗೆ ಮೂಗು ತಾಗಿಸಿ ನೋಡಿ ಹಾಗೇ ಮಾಡುತ್ತಾಳೆ. ಮೂರನೆಯದೋ ನಾಲ್ಕನೆಯದೋ ಸಲಕ್ಕೆ ಸರಿಯಾಗುತ್ತೆ. ಅಜ್ಜಿಗೆ ಈಗ ಎಂಬತ್ತಮೂರು. ನಾನು ಊರಿಗೆ ಹೋದಾಗಲೆಲ್ಲ ಅವರು ಗದ್ದೆಯಲ್ಲಿ ನೇಜಿ ನೆಡುವಾಗ ಹೇಳುತ್ತಿದ್ದ ಪಾಡ್ದನಗಳನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ತರುತ್ತಿದ್ದೀನಿ, ರಾತ್ರಿ ಕೂತು ಟೈಪ್ ಮಾಡುತ್ತಿದ್ದೀನಿ. ಅಗಲದ 'ಎ' ಬಂದಲ್ಲೆಲ್ಲ ಸದ್ಯಕ್ಕೆ ಒಂದು ಚುಕ್ಕಿ ಇಡುತ್ತೀನಿ. ನನ್ನದೇ ಗುರುತು, ಯಾರೂ ಮತ ಹಾಕಿದ್ದಲ್ಲ :)

ಹವ್ಯಕ, ಕುಂದಗನ್ನಡ, ಅರೆಭಾಷೆ, ಬ್ಯಾರಿ, ಕೊಂಕಣಿ, ಕೊಡವ.. ಇದನ್ನು ಓದುವವರಲ್ಲಿ ಹಲವರು ಮನೆಯಲ್ಲಿ ಒಂದು ಆಡಿ ಇಲ್ಲಿ ಇನ್ನೊಂದು ಬರೆಯೋರೇ ಇದ್ದೀರಿ ಅಂತ ನನಗೆ ಗೊತ್ತು. ನಿಮ್ಮ ಮನೆಮಾತಿನಲ್ಲಿ ಬರಹಕ್ಕೆ ಸಿಗದ ದನಿ ಯಾವುದು? ಅದನ್ನು ಸರಿಯಾಗಿ ಹೇಳೋರು ಮನೆಯಲ್ಲಿ ಈಗ ಯಾರಿದ್ದಾರೆ? ಕೆಳಗೆ ಬರೆಯಿರಿ. ಬರೆಯೋ ಮೊದಲು ಅವರ ಹತ್ತಿರ ಒಂದು ಸಲ ಹೇಳಿಸಿ, ರೆಕಾರ್ಡ್ ಮಾಡಿಟ್ಟುಕೊಳ್ಳಿ.